ಚಿಕ್ಕ ಹಡಗುಗಳನ್ನಿಟ್ಟುಕೊಂಡು ಕಾನ್ಹೋಜಿ ಆಂಗ್ರೆ ಇಂಗ್ಲಿಷರನ್ನು ಹೇಗೆ ತಡೆದರು?

ನಡುಸಮುದ್ರದಲ್ಲಿ ಎದುರುಬದುರು ನಿಂತು ಕಾದಾಡುವುದನ್ನು ಬಿಟ್ಟು, ಕೊಂಕಣದ ದಡದ ಹತ್ತಿರವೇ, ಗಾಳಿ ನಿಂತ ಹೊತ್ತು ನೋಡಿ ಹಿಂದಿನಿಂದ ಹೊಡೆಯುತ್ತಿದ್ದರು. ಮರಾಠಾ ನೌಕಾಪಡೆಯ ಸರಖೇಲ್, ಅಂದರೆ ಮುಖ್ಯಸ್ಥರಾಗಿದ್ದ ಅವರ ಬಲ ಇದ್ದದ್ದು ಇಲ್ಲೇ.

ದೊಡ್ಡ ಹಾಯಿಹಡಗಿನ ತೋಪುಗಳೆಲ್ಲ ಹೆಚ್ಚಾಗಿ ಎರಡು ಪಕ್ಕಗಳಲ್ಲಿ ಇರುತ್ತಿದ್ದವು. ಹಿಂಭಾಗದಲ್ಲಿ ತೀರಾ ಕಡಿಮೆ. ಗಾಳಿ ಇದ್ದರೆ ಹಡಗನ್ನು ತಿರುಗಿಸಿ ಪಕ್ಕದ ತೋಪು ಹಾರಿಸಬಹುದು. ಗಾಳಿ ನಿಂತರೆ? ಹಾಯಿ ಜೋತುಬೀಳುತ್ತದೆ, ಹಡಗು ಇದ್ದಲ್ಲೇ ಇರುತ್ತದೆ. ಆಗ ಆಂಗ್ರೆಯವರ ಗಲ್ಬತ್‌ಗಳು ಬರುತ್ತಿದ್ದವು. ಇವು ನಲವತ್ತು ಐವತ್ತು ಹುಟ್ಟು ಹಾಕುವ ಹಗುರ ದೋಣಿಗಳು, ಗಾಳಿಯ ಹಂಗೇ ಇಲ್ಲ. ಮೂತಿಯಲ್ಲಿ ತೋಪು ಇಟ್ಟ ಗುರಾಬ್ ಎಂಬ ಹಡಗುಗಳನ್ನು ಹಗ್ಗ ಕಟ್ಟಿ ಎಳೆದು ತಂದು, ಶತ್ರುವಿನ ಬೆನ್ನ ಹಿಂದೆ ನಿಲ್ಲಿಸುತ್ತಿದ್ದವು. ಮೊದಲ ಗುರಿ ಕೂವೆಮರ, ಅಂದರೆ ಹಾಯಿ ಕಟ್ಟುವ ಕಂಬ, ಮತ್ತು ಹಾಯಿ. ಅವು ಮುರಿದ ಮೇಲೆ ಕತ್ತಿ ಹಿಡಿದವರು ಹಡಗು ಹತ್ತುತ್ತಿದ್ದರು.

ಸೋಲುವ ಹಾಗಾದರೆ ಆಳವಿಲ್ಲದ ಅಳಿವೆಗೆ ನುಗ್ಗಿ, ಕೋಟೆಯ ತೋಪುಗಳ ಆಸರೆಗೆ ಹೋಗುತ್ತಿದ್ದರು. ದೊಡ್ಡ ಹಡಗು ಅಲ್ಲಿಗೆ ಬಂದರೆ ತಳ ಕಚ್ಚಿಬಿಡುತ್ತದೆ ಅಲ್ವಾ! ನನ್ನ ಪ್ರಕಾರ ಹಡಗಿಗಿಂತ ಈ ಕೋಟೆಗಳದ್ದೇ ಜಾಸ್ತಿ ಪಾಲು. 1721ರಲ್ಲಿ ಇಂಗ್ಲಿಷರು, ಪೋರ್ಚುಗೀಸರು ಒಟ್ಟಾಗಿ ಬಂದರೂ ಅಲಿಬಾಗ್‌ನ ಕೊಲಾಬಾ ಕೋಟೆ ಕೈಗೆ ಸಿಗಲಿಲ್ಲ. 1729ರಲ್ಲಿ ತೀರಿಕೊಳ್ಳುವವರೆಗೂ ಆಂಗ್ರೆಯವರನ್ನು ಯಾರೂ ಆ ದಡದಿಂದ ಕದಲಿಸಲು ಆಗಲಿಲ್ಲ.