ಎರಡು ಗ್ರಾಫಿಕ್ಸ್ ಇರೋ ಲ್ಯಾಪ್‌ಟಾಪ್: ಯಾವುದನ್ನೂ ಡಿಸೇಬಲ್ ಮಾಡಬೇಡ

ತಮ್ಮ, ನೀನು ಕೇಳಿದ್ದು ಇಷ್ಟು ತಾನೆ: ಗುಬ್ಬಿಯಿಂದ ಬೆಂಗಳೂರಿಗೆ ರೈಲಲ್ಲಿ ಓಡಾಡ್ತೀನಿ, ಬರೀ ನೋಟ್ಸ್ ಓದಿದ್ರೂ ಯಶವಂತಪುರ ಬರೋದ್ರೊಳಗೆ ಬ್ಯಾಟರಿ ಅರ್ಧ ಖಾಲಿ, ಮನೇಲಿ ಗೇಮ್ ಹಾಕಿದ್ರೆ ತಡವರಿಸುತ್ತೆ, ಅಂಗಡಿಯವರು ಡಿವೈಸ್ ಮ್ಯಾನೇಜರ್‌ಗೆ ಹೋಗಿ ಇಂಟೆಲ್ ಗ್ರಾಫಿಕ್ಸ್ ಡಿಸೇಬಲ್ ಮಾಡು ಅಂದ್ರು, ಮಾಡ್ಲಾ?

ಮಾಡಬೇಡ. ನಿನ್ನಂಥ ಲ್ಯಾಪ್‌ಟಾಪ್‌ಗಳಲ್ಲಿ ಮಾಮೂಲಿಯಾಗಿ ಸ್ಕ್ರೀನಿನ ತಂತಿ ಹೋಗಿರುವುದು ಪ್ರೊಸೆಸರ್ ಒಳಗೇ ಇರುವ ಇಂಟೆಲ್ ಗ್ರಾಫಿಕ್ಸ್ ಕಡೆಗೆ. ಆರ್‌ಟಿಎಕ್ಸ್ 3050, ಅಂದ್ರೆ ಎನ್‌ವಿಡಿಯಾ ಕಂಪನಿಯ ಬೇರೆ ಗ್ರಾಫಿಕ್ಸ್ ಕಾರ್ಡ್, ಗೇಮಿನ ಚಿತ್ರ ತಯಾರು ಮಾಡುತ್ತದೆ, ಇಂಟೆಲ್ ಅದನ್ನು ತಗೊಂಡು ಸ್ಕ್ರೀನಿಗೆ ಕೊಡುತ್ತದೆ. ಎನ್‌ವಿಡಿಯಾದವರು 2010ರಲ್ಲಿ ಆಪ್ಟಿಮಸ್ ಅಂತ ತಂದಿದ್ದು ಇದನ್ನೇ. ಇಂಟೆಲ್ ಡಿಸೇಬಲ್ ಮಾಡಿದರೆ ವಿಂಡೋಸ್ ತನ್ನ ಬೇಸಿಕ್ ಡ್ರೈವರ್‌ಗೆ ಇಳಿಯುತ್ತದೆ, ಬ್ರೈಟ್‌ನೆಸ್ ಬದಲಾಗಲ್ಲ, ಗೇಮ್ ಇನ್ನೂ ಹಾಳಾಗುತ್ತದೆ. ಬ್ಯಾಟರಿ ಉಳಿಸೋಕೆ ಅಂತ ಉಲ್ಟಾ ಎನ್‌ವಿಡಿಯಾ ಡಿಸೇಬಲ್ ಮಾಡುವವರೂ ಇದ್ದಾರೆ, ಅದೂ ಬೇಡ. ಕೆಲಸ ಇಲ್ಲದಾಗ ಕಾರ್ಡನ್ನು ಮಲಗಿಸೋದೇ ಅದರ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್), ಡಿಸೇಬಲ್ ಮಾಡಿದರೆ ಅದೂ ನಿಲ್ಲುತ್ತದೆ. ಡ್ರೈವರ್ ಇಲ್ಲದಿದ್ದರೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಕಾರ್ಡ್ ಆಫ್ ಆಗದೆ ಸುಮ್ನೆ ಕರೆಂಟ್ ತಿನ್ನುತ್ತಾ ಕೂತಿರುತ್ತದೆ.

ನಿನ್ನ ಬ್ಯಾಟರಿ ಸಮಸ್ಯೆ ಬಹುಶಃ ಇಲ್ಲೇ ಇದೆ, ಯಾವುದೋ ಪ್ರೋಗ್ರಾಂ ಕಾರ್ಡನ್ನು ಮಲಗೋಕೆ ಬಿಡುತ್ತಿಲ್ಲ. ಲೆಕ್ಕ ಹಾಕಿ ನೋಡು. ನೋಟ್ಸ್ ಓದುವಾಗ ಇಡೀ ಲ್ಯಾಪ್‌ಟಾಪ್ 10 ವಾಟ್ ಎಳೆದರೆ 50 ವಾಟ್-ಅವರ್ ಬ್ಯಾಟರಿ 5 ಗಂಟೆ ಬರಬೇಕು. ಕಾರ್ಡ್ ಎಚ್ಚರವಾಗಿದ್ದು ಇನ್ನೊಂದು 10 ವಾಟ್ ಎಳೆದರೆ ಎರಡೂವರೆ ಗಂಟೆ ಅಷ್ಟೇ. ಎರಡು ತುಳಸಿ ಗಿಡಕ್ಕೆ ನೀರು ಹಾಕೋಕೆ ಬೋರ್‌ವೆಲ್ ಮೋಟಾರ್ ಆನ್ ಮಾಡಿದ ಹಾಗೆ.

ಯಾರು ಎಬ್ಬಿಸುತ್ತಿದ್ದಾರೆ ಅಂತ ಹಿಡಿಯೋದು ಸುಲಭ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆಗೆದು ಮೇಲಿನ ಡೆಸ್ಕ್‌ಟಾಪ್ ಮೆನುವಿನಲ್ಲಿ ಜಿಪಿಯು ಆಕ್ಟಿವಿಟಿ ಐಕಾನ್ ತೋರಿಸು ಅನ್ನೋದಕ್ಕೆ ಟಿಕ್ ಹಾಕು. ಕೆಳಗೆ ಗಡಿಯಾರದ ಪಕ್ಕ ಐಕಾನ್ ಬರುತ್ತದೆ, ಅದನ್ನು ಒತ್ತಿದರೆ ಈಗ ಕಾರ್ಡ್ ಬಳಸುತ್ತಿರುವ ಪ್ರೋಗ್ರಾಂಗಳ ಹೆಸರು ಕಾಣುತ್ತದೆ. ಸಾಮಾನ್ಯವಾಗಿ ಸಿಕ್ಕಿಬೀಳೋದು ಓಡಾಡುವ ವಾಲ್‌ಪೇಪರ್, ಗೇಮ್ ಲಾಂಚರ್, ಕೀಬೋರ್ಡ್ ಲೈಟಿನ ಸಾಫ್ಟ್‌ವೇರ್, ಒಮ್ಮೊಮ್ಮೆ ಬ್ರೌಸರ್. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಅಂತ ಒಳಗೆ ಹೋಗಿ ಆ ಪ್ರೋಗ್ರಾಂಗೆ ಪವರ್ ಸೇವಿಂಗ್ ಕೊಡು, ನಿನ್ನ ಗೇಮಿಗೆ ಹೈ ಪರ್ಫಾರ್ಮೆನ್ಸ್ ಕೊಡು. ಪ್ರೋಗ್ರಾಂ ಮುಚ್ಚಿ ಮತ್ತೆ ತೆಗೆದರೇನೇ ಇದು ಜಾರಿಗೆ ಬರೋದು. ಸ್ಕ್ರೀನ್ 144 ಹರ್ಟ್ಜ್ (ಸೆಕೆಂಡಿಗೆ 144 ಸಲ ಚಿತ್ರ ಬದಲಾಗುವಂಥದ್ದು) ಇದ್ದರೆ ರೈಲಲ್ಲಿ 60ಕ್ಕೆ ಇಳಿಸಿಕೋ.

ಇನ್ನು ಗೇಮ್ ತಡವರಿಸೋದು. ಮೊದಲು ಚಾರ್ಜರ್ ಹಾಕಿ ಆಡ್ತೀಯಾ ಹೇಳು. ಬ್ಯಾಟರಿ ಮೇಲೆ ಯಾವ ಗೇಮಿಂಗ್ ಲ್ಯಾಪ್‌ಟಾಪೂ ಕಾರ್ಡಿಗೆ ಪೂರ್ತಿ ಪವರ್ ಕೊಡಲ್ಲ. 3050 ಅನ್ನೋ ಒಂದೇ ಹೆಸರಲ್ಲಿ 35 ವಾಟ್‌ನಿಂದ 80 ವಾಟ್‌ವರೆಗೂ ಕಾರ್ಡ್ ಬರುತ್ತದೆ, ಅದನ್ನು ಡಬ್ಬಿ ಮೇಲೆ ದೊಡ್ಡದಾಗಿ ಯಾರೂ ಬರೆಯಲ್ಲ. ಹೊಸದಾಗಿ ಕೊಳ್ಳುವವರು ಇದನ್ನು ಕೇಳಿ ತಗೊಳ್ಳಿ, ಕಾರ್ಡಿನ ಹೆಸರಿಗಿಂತ ಇದೇ ಮುಖ್ಯ. ರ‍್ಯಾಮ್ ಒಂದೇ ಕಡ್ಡಿ ಇದ್ದರೆ ಇನ್ನೊಂದು ಹಾಕಿಸು, ಅದರಿಂದಲೂ ವ್ಯತ್ಯಾಸ ಗೊತ್ತಾಗುತ್ತದೆ.

ಆಮೇಲೆ ನಿನ್ನದರಲ್ಲಿ ಮಕ್ಸ್ ಸ್ವಿಚ್, ಅಂದ್ರೆ ಸ್ಕ್ರೀನ್ ಯಾವ ಗ್ರಾಫಿಕ್ಸ್‌ಗೆ ಸೇರಬೇಕು ಅಂತ ಬದಲಾಯಿಸುವ ವ್ಯವಸ್ಥೆ, ಇದೆಯಾ ನೋಡು. ಕಂಪನಿಯ ಸಾಫ್ಟ್‌ವೇರ್‌ನಲ್ಲೋ ಬಯೋಸ್‌ನಲ್ಲೋ (ಲ್ಯಾಪ್‌ಟಾಪ್ ಆನ್ ಆಗುವಾಗ ವಿಂಡೋಸ್‌ಗಿಂತ ಮೊದಲು ಬರುವ ಸೆಟ್ಟಿಂಗ್ಸ್) ಹೈಬ್ರಿಡ್, ಡಿಸ್ಕ್ರೀಟ್ ಅಂತ ಆಯ್ಕೆ ಇರುತ್ತದೆ. ಆಸುಸ್‌ನಲ್ಲಿ ಡಿಸ್ಕ್ರೀಟ್‌ಗೆ ಅಲ್ಟಿಮೇಟ್ ಅಂತ ಹೆಸರು. ಡಿಸ್ಕ್ರೀಟ್ ಹಾಕಿದರೆ ಆ ಸ್ವಿಚ್ ಸ್ಕ್ರೀನನ್ನು ನೇರ ಎನ್‌ವಿಡಿಯಾಗೆ ಸೇರಿಸುತ್ತದೆ, ಇಂಟೆಲ್ ಮೂಲಕ ಸುತ್ತು ಹಾಕೋದು ತಪ್ಪುತ್ತದೆ. ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಬರೋ ಗೇಮಿನಲ್ಲಿ ಅಷ್ಟೇನೂ ಗೊತ್ತಾಗಲ್ಲ. ವ್ಯಾಲರಂಟ್ ಥರ ನೂರರ ಮೇಲೆ ಓಡೋದರಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಸ್ವಿಚ್ ಬದಲಾಯಿಸಿದರೆ ಹೆಚ್ಚಿನ ಲ್ಯಾಪ್‌ಟಾಪ್‌ಗಳು ರೀಸ್ಟಾರ್ಟ್ ಕೇಳುತ್ತವೆ. ಬಯೋಸ್‌ನಲ್ಲಿ ಬದಲಾಯಿಸೋದಾದರೆ ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ರಿಕವರಿ ಕೀ ಮೊದಲೇ ಬರೆದಿಟ್ಟುಕೋ, ಒಮ್ಮೊಮ್ಮೆ ಕೇಳಿಬಿಡುತ್ತದೆ. ಬೆಳಿಗ್ಗೆ ರೈಲು ಹತ್ತುವ ಮುಂಚೆ ಹೈಬ್ರಿಡ್‌ಗೆ ವಾಪಸ್ ತರೋದು ಮರೀಬೇಡ.

ಸ್ವಿಚ್ ಇಲ್ಲದಿದ್ದರೂ ದಾರಿ ಇದೆ. ಎಷ್ಟೋ ಮಾಡೆಲ್‌ಗಳಲ್ಲಿ ಎಚ್‌ಡಿಎಂಐ ಪೋರ್ಟ್ ನೇರ ಎನ್‌ವಿಡಿಯಾಗೆ ಸೇರಿರುತ್ತದೆ. ಮನೇಲಿ ಮಾನಿಟರ್ ಇದ್ದರೆ ಅದಕ್ಕೆ ಹಾಕಿ ಆಡು. ಹಾಗೇ ಕಾಲೇಜಲ್ಲಿ ಪ್ರೊಜೆಕ್ಟರ್‌ಗೆ ಹಾಕಿದಾಗ ಬ್ಯಾಟರಿ ಸರ‍್ರನೆ ಇಳಿಯೋದಕ್ಕೂ ಇದೇ ಕಾರಣ, ಅಲ್ವಾ.

ಕರೆಂಟ್ ಹೋದಾಗ ಮನೆ ಯುಪಿಎಸ್ ಮೇಲೆ ಗೇಮ್ ಆಡೋದು ನಿನ್ನಿಷ್ಟ. ಆದರೆ 180 ವಾಟ್ ಅಡಾಪ್ಟರ್ ಜೋರಾಗಿ ಎಳೆಯುತ್ತಿದ್ದರೆ ಫ್ಯಾನು, ಲೈಟಿಗೆ ಎಷ್ಟು ಹೊತ್ತು ಉಳಿಯುತ್ತೆ ಅಂತ ಅಮ್ಮನೇ ಹೇಳ್ತಾರೆ.

ವಿಂಡೋಸ್ ಬದಲು ಉಬುಂಟು ಲಿನಕ್ಸ್ ಹಾಕಿಕೊಂಡವರು ಏನು ಮಾಡಬೇಕು ಅಂತಲೂ ಕೇಳಿದ್ದಾರೆ, ಅವರಿಗೆ: ಪ್ರೈಮ್-ಸೆಲೆಕ್ಟ್‌ನಲ್ಲಿ (ಯಾವ ಗ್ರಾಫಿಕ್ಸ್ ಬಳಸಬೇಕು ಅಂತ ಆರಿಸುವ ಕಮಾಂಡ್) ಆನ್-ಡಿಮಾಂಡ್ ಇಡಿ, ಸಾಕು. 2012ರಲ್ಲಿ ಫಿನ್ಲೆಂಡ್‌ನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ಲಿನಕ್ಸ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ಎನ್‌ವಿಡಿಯಾಗೆ ಸಿಟ್ಟಿನಿಂದ ಮಧ್ಯದ ಬೆರಳು ತೋರಿಸಿದ್ದು ಇದೇ ಆಪ್ಟಿಮಸ್ ಬಗ್ಗೆ ಬಂದ ಪ್ರಶ್ನೆಗೆ. ಈಗ ಅಷ್ಟು ಕಷ್ಟ ಇಲ್ಲ.

ತಮ್ಮ, ಆ ಐಕಾನ್ ಒತ್ತಿದಾಗ ಯಾವ ಹೆಸರು ಬಂತು, ನಿನ್ನ ಮಾಡೆಲ್ ಯಾವುದು, ಎರಡನ್ನೂ ಇಲ್ಲೇ ಹಾಕು. ಸ್ವಿಚ್ ಇದೆಯೋ ಇಲ್ಲವೋ ಅಂತ ನೋಡಿ ಹೇಳ್ತೀನಿ.