ವಾಟ್ಸಾಪ್ ಫೋಟೋ ದೊಡ್ಡದಾಗಬೇಕಂತೆ!

ಪ್ರಶ್ನೆ: ಸಣ್ಣ ಊರಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಜನ ವಾಟ್ಸಾಪ್‌ನಲ್ಲಿ ಬಂದ ಫೋಟೋ ತೋರಿಸಿ 12x18 ಇಂಚಿಗೆ ಪ್ರಿಂಟ್ ಹಾಕಿಕೊಡಿ ಅಂತಾರೆ. ಮಸುಕಾಗಿ ಬಂದರೆ ಬೈಸಿಕೊಳ್ಳೋದು ನಾನು. ಇನ್ನು ಕನ್ನಡಕದವರ ಫೋಟೋ ತೆಗೆದರೆ ಗಾಜಿನಲ್ಲಿ ಲೈಟ್ ಹೊಳೆಯುತ್ತದೆ. ಏನು ಮಾಡಲಿ?

ಉತ್ತರ: ಸಣ್ಣ ಊರಲ್ಲಿ ಬೈದವರೇ ನಾಳೆ ಮತ್ತೆ ಎದುರಿಗೆ ಸಿಗುತ್ತಾರೆ, ಅಲ್ವಾ? ಅದಕ್ಕೇ ಪ್ರಿಂಟ್ ಹಾಕುವ ಮೊದಲೇ ಮಾತಾಡಿಬಿಡಿ. ಚೆನ್ನಾಗಿ ಬರಬೇಕೆಂದರೆ ಇಂಚಿಗೆ 300 ಪಿಕ್ಸೆಲ್ (ಫೋಟೋದ ಪುಟ್ಟ ಚುಕ್ಕಿಗಳು) ಇರಬೇಕು, ಅಂದರೆ 12x18ಕ್ಕೆ 3600x5400. ವಾಟ್ಸಾಪ್‌ನಲ್ಲಿ ಕುಗ್ಗಿ ಉದ್ದಕ್ಕೆ ಬರೀ 1600 ಪಿಕ್ಸೆಲ್ ಉಳಿದ ಫೋಟೋವನ್ನು 18 ಇಂಚಿಗೆ ಎಳೆದರೆ ಇಂಚಿಗೆ 90 ಕೂಡ ಸಿಗುವುದಿಲ್ಲ. ಈ ಲೆಕ್ಕ ಗಿರಾಕಿಗೆ ಹೇಳಲು ಹೋಗಬೇಡಿ, ಸುಮ್ನೆ ತಲೆ ಕೆಡುತ್ತದೆ. ಕಂಪ್ಯೂಟರ್‌ನಲ್ಲಿ ಪ್ರಿಂಟ್ ಅಳತೆಗೇ ಹಿಗ್ಗಿಸಿ ಮುಖ ತೋರಿಸಿ. ಕಣ್ಣಿನ ರೆಪ್ಪೆ ಕಾಣದೆ ಬರೀ ಕಪ್ಪು ಗೆರೆ ಕಂಡಾಗ ಅವರೇ 'ಒರಿಜಿನಲ್ ತರಿಸ್ತೀನಿ' ಅಂತಾರೆ. ಫೋಟೋ ತೆಗೆದ ಫೋನಿನಿಂದಲೇ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಆಗ ಫೈಲ್ ಕುಗ್ಗುವುದಿಲ್ಲ. ಒರಿಜಿನಲ್ ಇಲ್ಲವೇ ಇಲ್ಲ ಅಂದರೆ 4x6ಕ್ಕೆ ಒಪ್ಪಿಸಿ. ಎಐ ಆ್ಯಪ್ ಹಾಕಿ ಮುಖ ತಿದ್ದಿದರೆ ನೋಡಲು ಚೆಂದ ಕಾಣಬಹುದು, ಆದರೆ ಅದು ಅವರ ಅಜ್ಜಿಯ ಮುಖವಾಗಿ ಉಳಿಯದೇ ಇರಬಹುದು!

ಕನ್ನಡಕದ ಕಥೆ ಸುಲಭ. ಲೈಟ್ ಸ್ಟ್ಯಾಂಡ್ ಇನ್ನೂ ಮೇಲೆತ್ತಿ, ಸ್ವಲ್ಪ ಪಕ್ಕಕ್ಕೆ ಸರಿಸಿ. ಆಗಲೂ ಹೊಳೆದರೆ ಕನ್ನಡಕದ ಕಡ್ಡಿಗಳನ್ನು ಕಿವಿಯಿಂದ ಕೂದಲೆಳೆಯಷ್ಟು ಮೇಲೆತ್ತಿಸಿ. ಗಾಜು ಕೆಳಕ್ಕೆ ಬಾಗಿ, ಹೊಳಪು ಕ್ಯಾಮೆರಾಗೆ ಬೀಳುವುದಿಲ್ಲ. ಪಾಸ್‌ಪೋರ್ಟ್ ಫೋಟೋ ಆದರೆ ಕನ್ನಡಕ ತೆಗೆಸಿಬಿಡುವುದೇ ಒಳ್ಳೆಯದು.