ಸಂಪಾದಕರ ಉತ್ತರ: ಸೊಸೆಯ ತಪ್ಪಲ್ಲ

ಬನಹಟ್ಟಿಯ ಹಿರಿಯರಿಗೆ ಶರಣು.

ಎರಡು ಹಾಳೆ ತುಂಬಿಸಿ, ಅಂಚಿನಲ್ಲೂ ಜಾಗ ಬಿಡದೆ ನಮ್ಮನ್ನು ತರಾಟೆಗೆ ತೆಗೆದುಕೊಂಡಿದ್ದೀರಿ. ಮಗನಿಗೆ ಆಟಿಸಂ (ಮಾತು, ಬೆರೆಯುವ ಬಗೆ ಬೇರೆಯಾಗಿ ಬೆಳೆಯುವ ಸ್ಥಿತಿ) ಇದೆಯೆಂದು ತಿಳಿದ ಮೇಲೆ ಸಂಶೋಧನೆಗಾಗಿ ಸಂಸ್ಥೆ ಕಟ್ಟಿದ ಹಾಲಿವುಡ್ ನಿರ್ಮಾಪಕ ಜಾನ್ ಶೆಸ್ಟ್ಯಾಕ್ ಅವರ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ನಿಮ್ಮ ಪ್ರಶ್ನೆ ನೇರವಾಗಿದೆ: “ನನ್ನ ಮೊಮ್ಮಗನಿಗೆ ನಾಲ್ಕು ವರ್ಷ. ಮಾತಿಲ್ಲ, ಕರೆದರೆ ತಿರುಗುವುದಿಲ್ಲ. ಮಗ್ಗದ ಕಂಡಿಕೆಗಳನ್ನು (ನೂಲು ಸುತ್ತಿದ ಕೊಳವೆಗಳನ್ನು) ಬಣ್ಣ ನೋಡಿ ಸಾಲಾಗಿ ಇಡುತ್ತಾನೆ, ಒಂದು ಕದಲಿದರೂ ಮನೆ ಎತ್ತಿಹೋಗುವಂತೆ ಅಳುತ್ತಾನೆ. ಆ ಸಾಹುಕಾರರ ಸಂಶೋಧನೆಯಿಂದ ಇವನಿಗೇನು ಬಂತು?”

ಉತ್ತರ ನಿಮ್ಮ ಪತ್ರದಲ್ಲೇ ಇದೆ. ಕೊನೆಯಲ್ಲಿ, ಸಹಿಗಿಂತ ಮೇಲೆ, ಸಣ್ಣಕ್ಷರದಲ್ಲಿ ಬರೆದಿದ್ದೀರಿ: “ಸೊಸೆ ಮೊಬೈಲ್ ಕೊಟ್ಟು ಕೂಡಿಸಿ ಕೆಡಿಸಿದಳು ಎಂದು ಮನೆಯವರೆಲ್ಲ ಅನ್ನುತ್ತಾರೆ.” ನಾನು ಆ ಸಾಲಿನಿಂದಲೇ ಶುರುಮಾಡುತ್ತೇನೆ.

ಮೊಬೈಲ್ ಕಡಿಮೆ ಮಾಡಿ, ಒಳ್ಳೆಯದೇ. ಆದರೆ 1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ ಇಂಥ 11 ಮಕ್ಕಳ ವಿಷಯ ಬರೆದಾಗ ಯಾರ ಮನೆಯಲ್ಲಿ ಮೊಬೈಲ್ ಇತ್ತು? ಆಗಲೂ ಗೂಬೆ ಕೂಡಿಸಿದ್ದು ತಾಯಂದಿರ ಮೇಲೆಯೇ. ತಾಯಿಯ ಪ್ರೀತಿ ತಣ್ಣಗಿದ್ದರೆ ಮಗು ಹೀಗಾಗುತ್ತದೆ ಎಂದು ದೊಡ್ಡ ದೊಡ್ಡ ಪಂಡಿತರೇ ವರ್ಷಗಟ್ಟಲೆ ನಂಬಿದ್ದರು, ನಂಬಿಸಿದ್ದರು. ಅದನ್ನು 1964ರಲ್ಲಿ ಪುಸ್ತಕ ಬರೆದು ಪ್ರಶ್ನಿಸಿದ ಬರ್ನಾರ್ಡ್ ರಿಮ್‌ಲ್ಯಾಂಡ್ ಮನಶ್ಶಾಸ್ತ್ರಜ್ಞರಷ್ಟೇ ಅಲ್ಲ, ಅಂಥದೇ ಮಗುವಿನ ತಂದೆ. 1977ರಲ್ಲಿ ಬ್ರಿಟನ್ನಿನಲ್ಲಿ ಇಬ್ಬರು ಸಂಶೋಧಕರು 21 ಅವಳಿ ಜೋಡಿಗಳನ್ನು ನೋಡಿದರು. ಎಲ್ಲದರಲ್ಲೂ ಒಬ್ಬರಿಗಾದರೂ ಆಟಿಸಂ. ಜೀನ್‌ಗಳೂ (ವಂಶವಾಹಿಗಳೂ) ಒಂದೇ ಆದ ತದ್ರೂಪಿ ಅವಳಿಗಳ 11 ಜೋಡಿಗಳಲ್ಲಿ 4ರಲ್ಲಿ ಇಬ್ಬರಿಗೂ ಇತ್ತು. ತದ್ರೂಪಿಗಳಲ್ಲದ 10 ಜೋಡಿಗಳಲ್ಲಿ ಒಂದರಲ್ಲೂ ಇಬ್ಬರಿಗೆ ಇರಲಿಲ್ಲ. ಒಂದೇ ಮನೆ, ಒಂದೇ ತಾಯಿ, ಒಂದೇ ಊಟ, ವ್ಯತ್ಯಾಸ ಹುಟ್ಟಿನಲ್ಲಿತ್ತು.

ಹಾಗೆಂದು “ಸೊಸೆಯ ತವರಿನ ರಕ್ತ” ಎಂದು ಹೊಸ ರಾಗ ತೆಗೆಯಬೇಡಿ. ಇದರಲ್ಲಿ ಪಾಲಿರುವ ಜೀನ್‌ಗಳು ನೂರಾರು. ತಂದೆಯಲ್ಲೂ ತಾಯಿಯಲ್ಲೂ ಇಲ್ಲದ ಬದಲಾವಣೆ ಮಗುವಿನಲ್ಲಿ ಹೊಸದಾಗಿ ಮೂಡುವುದೂ ಉಂಟು.

ಶೆಸ್ಟ್ಯಾಕ್ ಕಥೆ ಬರುವುದು ಇಲ್ಲಿ. ಅವರು, ಪತ್ನಿ ಪೋರ್ಷಿಯಾ ಐವರ್ಸನ್ ಸೇರಿ 1995ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ‘ಕ್ಯೂರ್ ಆಟಿಸಂ ನೌ’ ಕಟ್ಟಿದರು. ಆಗ ವಿಜ್ಞಾನಿಗಳು ಈ ಜೀನ್‌ಗಳನ್ನು ಹುಡುಕಲು ತಾವು ಸಂಗ್ರಹಿಸಿದ ರಕ್ತದ ಮಾದರಿಗಳನ್ನು ಒಬ್ಬರಿಗೊಬ್ಬರು ಕೊಡುತ್ತಿರಲಿಲ್ಲ. ನೇಕಾರರಾದ ನಿಮಗೆ ಇದು ಹೊಸದಲ್ಲ. ಒಳ್ಳೆಯ ವಿನ್ಯಾಸವನ್ನು ಯಾರು ತಾನೇ ಪಕ್ಕದ ಮಗ್ಗಕ್ಕೆ ತೋರಿಸುತ್ತಾರೆ? ಕೊಡದಿದ್ದರೆ ನಾವೇ ಕೂಡಿಸುತ್ತೇವೆ ಎಂದು ಈ ದಂಪತಿ, ಒಂದಕ್ಕಿಂತ ಹೆಚ್ಚು ಮಕ್ಕಳಿಗೆ ಆಟಿಸಂ ಇದ್ದ ಕುಟುಂಬಗಳಿಂದ ರಕ್ತ ಕೂಡಿಸಿ, ಕೇಳಿದ ಸಂಶೋಧಕರಿಗೆಲ್ಲ ತೆರೆದಿಟ್ಟರು. ರಕ್ತ ಕೊಟ್ಟವರು ಸಾಹುಕಾರರಲ್ಲ, ಸಾಮಾನ್ಯ ಮನೆಗಳವರು. ಸಂಸ್ಥೆ 2007ರಲ್ಲಿ ‘ಆಟಿಸಂ ಸ್ಪೀಕ್ಸ್’ ಎಂಬ ಇನ್ನೊಂದು ಸಂಸ್ಥೆಯ ಜೊತೆ ವಿಲೀನವಾಯಿತು.

ಅವರು ಮಾಡಿದ್ದೆಲ್ಲ ಸರಿ ಎಂದು ನಾನು ಹೇಳುವುದಿಲ್ಲ. ಸಂಸ್ಥೆಯ ಹೆಸರಿನ ಅರ್ಥವೇ “ಈಗಲೇ ಗುಣಪಡಿಸಿ” ಎಂದು. ಆಟಿಸಂ ಇರುವ ಅನೇಕ ವಯಸ್ಕರು ಈ ಮಾತನ್ನು ಒಪ್ಪುವುದಿಲ್ಲ, ನಾವು ಗುಣವಾಗಬೇಕಾದ ರೋಗವಲ್ಲ ಎನ್ನುತ್ತಾರೆ. ನಮ್ಮ ತಲೆಬರಹದಲ್ಲೂ ‘ರೋಗ’ ಎಂದೇ ಅಚ್ಚಾಗಿತ್ತು. ತಪ್ಪು ನನ್ನದು.

ಇನ್ನೊಂದು ಸಂಗತಿ. ಬೆಂಗಳೂರಿನಲ್ಲಿದ್ದ ಸೋಮಾ ಮುಖೋಪಾಧ್ಯಾಯ ಎಂಬ ತಾಯಿಯನ್ನೂ ಮಾತು ಬಾರದ ಅವರ ಮಗ ಟಿಟೊನನ್ನೂ ಇದೇ ಸಂಸ್ಥೆ 2001ರಲ್ಲಿ ಅಮೆರಿಕಕ್ಕೆ ಕರೆಸಿಕೊಂಡಿತು. ಟಿಟೊ ಬರೆದು ಹೆಸರಾದರು. ಆದರೆ ಆ ತಾಯಿ ಬೇರೆ ಮಕ್ಕಳಿಗೂ ಕಲಿಸಿದ ಅಕ್ಷರಫಲಕದ ಪದ್ಧತಿಯನ್ನು (ದೊಡ್ಡವರು ಫಲಕ ಹಿಡಿಯುತ್ತಾರೆ, ಮಗು ಅಕ್ಷರ ತೋರಿಸಿ ಮಾತು ಕಟ್ಟುತ್ತದೆ) ಬಳಸಬೇಡಿ ಎಂದು ಅಲ್ಲಿನ ವಾಕ್-ಶ್ರವಣ ತಜ್ಞರ ಸಂಘ 2018ರಲ್ಲಿ ಹೇಳಿತು. ಫಲಕ ಹಿಡಿದವರು ನಡೆಸುತ್ತಿದ್ದಾರೋ ಮಗುವೇ ಹೇಳುತ್ತಿದೆಯೋ ಎಂಬ ಸಂಶಯ ಹರಿಯದ್ದೇ ಕಾರಣ. ಮೊಬೈಲಿನಲ್ಲಿ ನೋಡಿ ಯಾರಾದರೂ ನಿಮಗೆ ಇದನ್ನು ಸೂಚಿಸಿಯಾರು, ಅದಕ್ಕೇ ಹೇಳಿದೆ. ಲಕ್ಷಗಟ್ಟಲೆ ರೂಪಾಯಿ ಕೇಳುವ, ಮೂಲಕೋಶಗಳನ್ನು ಮೈಗೆ ಸೇರಿಸುವ ಸ್ಟೆಮ್ ಸೆಲ್ ಚಿಕಿತ್ಸೆಯ ಬಾಗಿಲನ್ನಂತೂ ತುಳಿಯಬೇಡಿ.

ಈಗ ಮೊಮ್ಮಗನ ವಿಷಯ. ಅವನಿಗೆ ಆಟಿಸಂ ಇದೆಯೆಂದು ನಾನು ಪತ್ರ ಓದಿ ಹೇಳಲಾರೆ. ಕರೆದರೆ ತಿರುಗದ ಮಗುವಿಗೆ ಮೊದಲು ಆಗಬೇಕಾದದ್ದು ಕಿವಿಯ ಪರೀಕ್ಷೆ. ಅಂಗನವಾಡಿಗೆ ಬರುವ ಬಾಲ ಸ್ವಾಸ್ಥ್ಯ ತಂಡಕ್ಕೆ ತೋರಿಸಿ, ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೂರವಾದರೂ ಒಮ್ಮೆ ಹೋಗಿ ಬರುವುದು ಲೇಸು. ಆಟಿಸಂ ಎಂದು ಖಚಿತವಾದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವರ್ಗಗಳಲ್ಲಿ ಅದೂ ಒಂದು. ಗುರುತಿನ ಚೀಟಿ ಮಾಡಿಸಲು ಸಂಕೋಚ ಬೇಡ. ‘ಅವರಪ್ಪನಿಗೂ ತಡವಾಗಿಯೇ ಮಾತು ಬಂತು’ ಎಂದು ಇನ್ನೊಂದು ವರ್ಷ ಕಾಯುವುದು ಮಾತ್ರ ಬೇಡ.

ನವನಗರದಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿಯೊಬ್ಬಳು ನೀರು ಬೇಕಾದಾಗ ಬೊಟ್ಟು ಮಾಡಿ ತೋರಿಸುತ್ತಿರಲಿಲ್ಲ. ತಾಯಿಯ ಮುಂಗೈ ಹಿಡಿದು ಎಳೆದುಕೊಂಡು ಹೋಗಿ, ಆ ಕೈಯನ್ನೇ ತಂಬಿಗೆಯ ಮೇಲೆ ಇಡುತ್ತಿದ್ದಳು. ಮುಖ ನೋಡುತ್ತಿರಲಿಲ್ಲ, ಬೇಕಿದ್ದದ್ದು ಕೈ ಅಷ್ಟೇ. ಮಾತು ಕಲಿಸುವವರು ತಾಯಿಗೆ ಹೇಳಿದ್ದು ಒಂದೇ: ತಂಬಿಗೆ ಹಿಡಿದು ಅವಳ ಮುಖದ ಮಟ್ಟಕ್ಕೆ ಕುಳಿತುಕೊಳ್ಳಿ, ‘ನೀರು’ ಎನ್ನಿ, ಕಾಯಿರಿ. ಆ ತಾಯಿ ಕಾಯುವುದನ್ನು ನಾನು ಕಿಟಕಿಯಿಂದ ಎಷ್ಟೋ ದಿನ ನೋಡಿದ್ದೇನೆ. ಒಂದು ಮಧ್ಯಾಹ್ನ ಹುಡುಗಿ ತಲೆಯೆತ್ತಿ “ನೀ” ಎಂದಳು. ಮುಂದಿನ ಅಕ್ಷರಕ್ಕೆ ಮತ್ತಷ್ಟು ತಿಂಗಳು ಹಿಡಿಯಿತು.

ನೀವು ಕಂಡಿಕೆಯ ಸಾಲನ್ನು ಕೆಡಿಸಬೇಡಿ. ಪಕ್ಕದಲ್ಲಿ ಕುಳಿತು, ಅವನಿಗೆ ಬೇಕಾದ ಬಣ್ಣದ್ದನ್ನೇ ಒಂದೊಂದಾಗಿ ಕೊಡುತ್ತಾ ಹೋಗಿ. ಬಾಗಲಕೋಟೆಗೆ ಬರುವಾಗ ಸೊಸೆಯನ್ನೂ ಕರೆತನ್ನಿ, ವೈದ್ಯರ ಮಾತನ್ನು ಅವರೇ ಕೇಳಿಸಿಕೊಳ್ಳಲಿ. ಚೀಲದಲ್ಲಿ ಹತ್ತಿಪ್ಪತ್ತು ಕಂಡಿಕೆಯೂ ಇರಲಿ. ಆಸ್ಪತ್ರೆಯಲ್ಲಿ ಸರತಿ ಬರುವುದು ತಡವಾಗುತ್ತದೆ.